ಪ್ಲಾಸ್ಟಿಕ್ಕಿನ ಮೇಲೆ ಲೋಹದ ಹೊದಿಕೆ: ಗಡಸುತನ ಎಷ್ಟು ಆಳಕ್ಕೆ ಇಳಿಯಬೇಕು?

ಸ್ನಾನದ ಮನೆಯ ಶವರ್, ಕಾರಿನ ಮುಂದಿನ ಗ್ರಿಲ್, ಬಾಗಿಲಿನ ಹಿಡಿ, ಸ್ಟೌವಿನ ತಿರುಪು: ನೋಡಲು ಎಲ್ಲವೂ ಲೋಹ, ಕೈಗೆತ್ತಿಕೊಂಡರೆ ಹಗುರ. ಇವುಗಳಲ್ಲಿ ಬಹಳಷ್ಟರ ಒಳಗಿರುವುದು ಎಬಿಎಸ್ ಎಂಬ ಪ್ಲಾಸ್ಟಿಕ್. ಹೊರಗಿರುವುದು ತಾಮ್ರ, ನಿಕಲ್, ಕ್ರೋಮಿಯಂಗಳ ಪದರಗಳು. ಮೂರನ್ನೂ ಕೂಡಿಸಿದರೂ ದಪ್ಪ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗವನ್ನು ದಾಟುವುದಿಲ್ಲ.

ಈ ಹೊದಿಕೆ ಅಂದಕ್ಕಾಗಿ ಬಂದದ್ದು. ಆದರೆ ಬಹಳ ಬೇಗ ಎಂಜಿನಿಯರುಗಳು ಇನ್ನೊಂದು ಪ್ರಶ್ನೆ ಕೇಳತೊಡಗಿದರು. ಪ್ಲಾಸ್ಟಿಕ್ ಹಗುರ, ಅಗ್ಗ, ಬೇಕಾದ ಆಕಾರಕ್ಕೆ ಅಚ್ಚು ಹೊಯ್ಯಬಹುದು. ಅದರ ಕೊರತೆಯೆಂದರೆ ಮೆತ್ತಗಿನ ಮೈ. ಲೋಹ ಗಟ್ಟಿ, ಆದರೆ ಭಾರ. ಪ್ಲಾಸ್ಟಿಕ್ಕಿನ ಒಡಲಿಗೆ ಲೋಹದ ಚರ್ಮ ಹೊದಿಸಿದರೆ ಎರಡರ ಗುಣವೂ ಒಂದೇ ವಸ್ತುವಿನಲ್ಲಿ ಸಿಗಬಾರದೇಕೆ? ಗಿಯರು, ರೋಲರು, ವಿಮಾನದ ರೆಕ್ಕೆಯ ಅಂಚು, ಯಂತ್ರದ ಕವಚಗಳಲ್ಲಿ ಈ ಜೋಡಿ ಸವೆತವನ್ನು ತಡೆಯಬಾರದೇಕೆ?

ಈ ಪ್ರಶ್ನೆಗೆ ಬಂದಿರುವ ಉತ್ತರಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಒಬ್ಬರು ಗಡಸು ಹೆಚ್ಚಿಸಿ ಎನ್ನುತ್ತಾರೆ, ಇನ್ನೊಬ್ಬರು ದಪ್ಪ ಹೆಚ್ಚಿಸಿ ಎನ್ನುತ್ತಾರೆ. ಮತ್ತೊಬ್ಬರು ಬಾಗುವ ಗುಣ ಕೊಡಿ ಎನ್ನುತ್ತಾರೆ, ಮಗದೊಬ್ಬರು ಮೊದಲು ಹಿಡಿತ ಸರಿಮಾಡಿ ಎನ್ನುತ್ತಾರೆ. ಹೊದಿಕೆಯೇ ಬೇಡ ಎನ್ನುವವರೂ ಇದ್ದಾರೆ. ಪ್ರತಿ ವಾದದ ಹಿಂದೆಯೂ ಗಟ್ಟಿ ಅನುಭವವಿದೆ. ನನ್ನ ದೃಷ್ಟಿಯಲ್ಲಿ ಇವರೆಲ್ಲ ಜಗಳವಾಡುತ್ತಿರುವುದು ಒಂದೇ ವಿಷಯದ ಬಗ್ಗೆ ಅಲ್ಲ. ಉಜ್ಜುವ ವಸ್ತುವಿನ ಒತ್ತಡ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದನ್ನು ಮೊದಲು ಕೇಳಿಕೊಂಡರೆ, ಯಾರ ಮಾತು ಎಲ್ಲಿ ಸಲ್ಲುತ್ತದೆ ಎಂಬುದು ಬಹುಮಟ್ಟಿಗೆ ತಿಳಿಯಾಗುತ್ತದೆ.

ಗಡಸು ಬೇರೆ, ಸವೆತ ಬೇರೆ

ಗಡಸುತನವನ್ನು ಅಳೆಯುವ ಒಂದು ಸಾಮಾನ್ಯ ಕ್ರಮ ವಿಕರ್ಸ್ ಪರೀಕ್ಷೆ. ಪಿರಮಿಡ್ ಆಕಾರದ ವಜ್ರದ ಮೊನೆಯನ್ನು ಗೊತ್ತಾದ ತೂಕದಿಂದ ಒತ್ತಿ, ಉಳಿದ ಕುಳಿಯನ್ನು ಅಳೆಯುತ್ತಾರೆ. ಸಾಮಾನ್ಯ ಗಟ್ಟಿ ಪ್ಲಾಸ್ಟಿಕ್ಕುಗಳ ವಿಕರ್ಸ್ ಸಂಖ್ಯೆ ಹತ್ತರಿಂದ ಇಪ್ಪತ್ತರ ಆಸುಪಾಸು. ವಿದ್ಯುತ್ತಿಲ್ಲದೆ ರಾಸಾಯನಿಕವಾಗಿ ಲೇಪಿಸಿದ ನಿಕಲ್-ರಂಜಕ ಪದರದ್ದು 500ರಿಂದ 600. ಗಟ್ಟಿ ಕ್ರೋಮಿಯಮ್ಮಿನದು 800ರಿಂದ 1000. ಕಾಗದದ ಮೇಲೆ ನೋಡಿದರೆ ಹೊದಿಕೆ ಹಾಕಿದೊಡನೆ ಗಡಸು ಮೂವತ್ತು, ಐವತ್ತು ಪಟ್ಟು ಏರಬೇಕು.

ಆದರೆ ಸವೆತ ಒಂದೇ ಬಗೆಯದಲ್ಲ. ಮರಳಿನ ಕಣ ಮೈಯನ್ನು ಗೀರುವುದು ಒಂದು ಬಗೆ. ಉಜ್ಜುವ ಎರಡು ಮೈಗಳು ಅಲ್ಲಲ್ಲಿ ಅಂಟಿಕೊಂಡು, ಬಿಡುವಾಗ ಚೂರು ಕಿತ್ತುಬರುವುದು ಇನ್ನೊಂದು. ಮತ್ತೆ ಮತ್ತೆ ಭಾರ ಬಿದ್ದು ಒಳಗೆ ಬಿರುಕು ಬೆಳೆದು ಸಿಪ್ಪೆ ಏಳುವುದು ಮೂರನೆಯದು. ಅದಕ್ಕೆ ದಣಿವಿನ ಸವೆತ ಎನ್ನುತ್ತಾರೆ. ವೇಗವಾಗಿ ಬಂದು ಬಡಿಯುವ ಧೂಳು ಅಥವಾ ಮಳೆಹನಿ ಕೊರೆಯುವುದು ನಾಲ್ಕನೆಯದು. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ಆಗಬೇಕೆಂದಿಲ್ಲ, ಕೆಲವೊಮ್ಮೆ ವಿಷವೂ ಆಗಬಹುದು. ಈ ಕ್ಷೇತ್ರದ ವಾದವಿವಾದಗಳಲ್ಲಿ ಅರ್ಧದಷ್ಟು ಹುಟ್ಟುವುದು ಈ ನಾಲ್ಕನ್ನೂ ‘ಸವೆತ’ ಎಂಬ ಒಂದೇ ಹೆಸರಿನಲ್ಲಿ ಕಟ್ಟಿಹಾಕುವುದರಿಂದ.

ಮೇಣದ ಅಚ್ಚಿನಿಂದ ಎಬಿಎಸ್ ತನಕ

ವಿದ್ಯುತ್ ಹರಿಯದ ವಸ್ತುವಿನ ಮೇಲೆ ಲೋಹ ಕೂರಿಸುವ ಕಲೆ ಪ್ಲಾಸ್ಟಿಕ್ಕಿಗಿಂತ ಹಳೆಯದು. 1805ರಲ್ಲಿ ಇಟಲಿಯ ಲೂಯಿಜಿ ಬ್ರುನ್ಯಾಟೆಲ್ಲಿ ವಿದ್ಯುತ್ತಿನಿಂದ ಚಿನ್ನ ಲೇಪಿಸಿದರು. 1838ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಮೊರಿಟ್ಜ್ ಯಾಕೋಬಿ ಅಚ್ಚಿನ ಮೇಲೆ ತಾಮ್ರ ಬೆಳೆಸಿ ಪಡಿಯಚ್ಚು ತೆಗೆಯುವ ಕ್ರಮವನ್ನು ಪ್ರಕಟಿಸಿದರು. ಮುಂದೆ ಮೇಣದ ಅಚ್ಚಿಗೆ ಗ್ರಾಫೈಟ್ ಪುಡಿ ಬಳಿದು, ಆ ಪುಡಿಯ ಮೂಲಕ ವಿದ್ಯುತ್ ಹರಿಸಿ ತಾಮ್ರ ಕೂರಿಸುವುದು ಮುದ್ರಣಾಲಯಗಳ ದಿನನಿತ್ಯದ ಕೆಲಸವಾಯಿತು. ಇತ್ತ 1835ರಲ್ಲಿ ಯುಸ್ಟಸ್ ಫಾನ್ ಲೀಬಿಗ್ ವಿದ್ಯುತ್ತಿನ ನೆರವಿಲ್ಲದೆ ಗಾಜಿನ ಮೇಲೆ ಬೆಳ್ಳಿಯ ಕನ್ನಡಿ ಮೂಡಿಸಬಹುದೆಂದು ತೋರಿಸಿದ್ದರು. ಇಂದಿನ ತಂತ್ರದ ಎರಡು ಬೇರುಗಳೂ ಇಲ್ಲಿವೆ: ಮೊದಲು ರಸಾಯನದಿಂದ ತೆಳು ಪದರ, ಅದರ ಮೇಲೆ ವಿದ್ಯುತ್ತಿನಿಂದ ದಪ್ಪ ಪದರ.

ಬೇಕಲೈಟಿನಿಂದ ಪ್ಲಾಸ್ಟಿಕ್ ಯುಗ ಶುರುವಾದದ್ದು 20ನೇ ಶತಮಾನದ ಮೊದಲ ದಶಕದಲ್ಲಿ. ಆದರೆ ಲೋಹ ಮತ್ತು ಪ್ಲಾಸ್ಟಿಕ್ಕಿನ ಮದುವೆ ಗಟ್ಟಿಯಾಗಲು ಇನ್ನೂ ಅರ್ಧ ಶತಮಾನ ಬೇಕಾಯಿತು. 1946ರಲ್ಲಿ ಅಮೆರಿಕದ ನ್ಯಾಷನಲ್ ಬ್ಯೂರೊ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ ಅಬ್ನರ್ ಬ್ರೆನರ್ ಮತ್ತು ಗ್ರೇಸ್ ರಿಡೆಲ್ ಹೈಪೊಫಾಸ್ಫೈಟ್ ಬಳಸಿ, ವಿದ್ಯುತ್ತಿಲ್ಲದೆ ನಿಕಲ್ ಲೇಪಿಸುವ ಕ್ರಮವನ್ನು ವಿವರಿಸಿದರು. 1961ರಲ್ಲಿ ಚಾರ್ಲ್ಸ್ ಶಿಪ್ಲಿಗೆ ತವರ-ಪೆಲೇಡಿಯಂ ಕಣಗಳ ದ್ರಾವಣಕ್ಕೆ ಪೇಟೆಂಟ್ ಸಿಕ್ಕಿತು. ಲೇಪನ ಮೊಳೆಯಲು ಬೇಕಾದ ಬೀಜಗಳನ್ನು ಅದು ಒಂದೇ ಅದ್ದಿಗೆ ಬಿತ್ತುತ್ತಿತ್ತು. ಅದೇ ಹೊತ್ತಿಗೆ ಎಬಿಎಸ್ ಮಾರುಕಟ್ಟೆಯಲ್ಲಿ ನೆಲೆಯೂರಿತ್ತು. 1960ರ ದಶಕದ ಮೊದಲ ವರ್ಷಗಳಲ್ಲಿ ಈ ಮೂರೂ ಕೂಡಿಕೊಂಡು, ಕಾರು ಮತ್ತು ನಲ್ಲಿಯ ಉದ್ಯಮಗಳು ಕ್ರೋಮ್ ಹೊದಿಸಿದ ಪ್ಲಾಸ್ಟಿಕ್ಕಿನತ್ತ ತಿರುಗಿದವು.

ತೊಟ್ಟಿಯಿಂದ ತೊಟ್ಟಿಗೆ

ಪ್ಲೇಟಿಂಗ್ ಶೆಡ್ಡಿನಲ್ಲಿ ಒಂದು ಎಬಿಎಸ್ ಬಿಡಿಭಾಗ ಹಾದುಹೋಗುವ ದಾರಿಯನ್ನು ನೋಡಿದರೆ ಮುಂದಿನ ವಾದಗಳೆಲ್ಲ ಸುಲಭವಾಗಿ ಅರ್ಥವಾಗುತ್ತವೆ. ಜಿಗ್ಗಿಗೆ ಸಿಕ್ಕಿಸಿದ ಭಾಗವನ್ನು ತೊಳೆದು, ಮೊದಲು 60ರಿಂದ 70 ಡಿಗ್ರಿ ಸೆಲ್ಸಿಯಸ್ ಬಿಸಿಯಿರುವ ಕ್ರೋಮಿಕ್ ಮತ್ತು ಸಲ್ಫ್ಯೂರಿಕ್ ಆಮ್ಲಗಳ ತೊಟ್ಟಿಯಲ್ಲಿ ಕೆಲವು ನಿಮಿಷ ಅದ್ದುತ್ತಾರೆ. ಎಬಿಎಸ್‌ನಲ್ಲಿ ಗಟ್ಟಿ ಪ್ಲಾಸ್ಟಿಕ್ಕಿನ ನಡುವೆ ಬ್ಯುಟಡೈಯೀನ್ ರಬ್ಬರಿನ ಸೂಕ್ಷ್ಮ ಗುಂಡುಗಳು ಹರಡಿಕೊಂಡಿರುತ್ತವೆ. ಆಮ್ಲ ಮೈಮೇಲಿನ ರಬ್ಬರನ್ನು ಕರಗಿಸಿ ಒಯ್ಯುತ್ತದೆ. ಉಳಿಯುವುದು ಬಾಯಿ ಕಿರಿದಾಗಿ ಹೊಟ್ಟೆ ಅಗಲವಾದ ಅಸಂಖ್ಯ ಕುಳಿಗಳು. ಹೊಳೆಯುತ್ತಿದ್ದ ಪ್ಲಾಸ್ಟಿಕ್ ಮಂಕಾಗಿ ಹೊರಬರುತ್ತದೆ.

ಮುಂದಿನ ತೊಟ್ಟಿಯಲ್ಲಿ ಅಳಿದುಳಿದ ಕ್ರೋಮಿಯಂ ಕಳೆಯುತ್ತಾರೆ. ಅದರಾಚೆ ಪೆಲೇಡಿಯಂ ಬೀಜಗಳು ಕುಳಿಯೊಳಗೆ ಕೂರುತ್ತವೆ, ಮತ್ತೊಂದು ದ್ರಾವಣ ಅವುಗಳ ಸುತ್ತಲಿನ ತವರವನ್ನು ಕಳಚುತ್ತದೆ. ಆಮೇಲೆ ರಾಸಾಯನಿಕ ನಿಕಲ್ ಅಥವಾ ತಾಮ್ರದ ತೊಟ್ಟಿ: ಪೆಲೇಡಿಯಂ ಇರುವಲ್ಲಿ ಲೋಹ ಮೊಳೆತು, ಕುಳಿಗಳನ್ನು ತುಂಬಿ, ಮೈಯೆಲ್ಲ ಆವರಿಸುತ್ತದೆ. ಈಗ ಭಾಗದ ಮೇಲೆ ವಿದ್ಯುತ್ ಹರಿಯಬಲ್ಲದು. ಅಲ್ಲಿಂದ ಮಾಮೂಲಿ ಎಲೆಕ್ಟ್ರೊಪ್ಲೇಟಿಂಗ್. ಸಾಮಾನ್ಯವಾಗಿ 15ರಿಂದ 25 ಮೈಕ್ರಾನ್ ತಾಮ್ರ, ಸುಮಾರು ಹತ್ತು ಮೈಕ್ರಾನ್ ನಿಕಲ್, ಕೊನೆಗೆ ಕಾಲು ಮೈಕ್ರಾನಿನಷ್ಟು ಕ್ರೋಮಿಯಂ.

ನಡುವಿನ ತಾಮ್ರ ದಂಡಕ್ಕೆ ಬಂದದ್ದಲ್ಲ. ನೂರು ಮಿಲಿಮೀಟರ್ ಉದ್ದದ ಎಬಿಎಸ್ ತುಂಡು 60 ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು ಅರ್ಧ ಮಿಲಿಮೀಟರ್ ಹಿಗ್ಗುತ್ತದೆ. ಅಷ್ಟೇ ಉದ್ದದ ನಿಕಲ್ ಹಿಗ್ಗುವುದು ಅದರ ಆರನೇ ಒಂದು ಭಾಗ ಮಾತ್ರ. ಬಿಸಿಲಲ್ಲಿ ನಿಂತ ಕಾರಿನ ಗ್ರಿಲ್ಲಿನಲ್ಲಿ ಈ ಎಳೆದಾಟ ದಿನವೂ ನಡೆಯುತ್ತದೆ. ಮೆದುವಾಗಿ ಚಾಚಿಕೊಳ್ಳುವ ತಾಮ್ರ ಆ ಎಳೆತವನ್ನು ತಾನು ನುಂಗಿ, ಮೇಲಿನ ಪೆಡಸು ನಿಕಲ್ ಮತ್ತು ಕ್ರೋಮಿಯಮ್ಮನ್ನು ಕಾಪಾಡುತ್ತದೆ.

ಮೊದಲ ಪಂಥ: ಗಡಸಾದಷ್ಟೂ ಒಳ್ಳೆಯದು

1953ರಲ್ಲಿ ಬ್ರಿಟನ್ನಿನ ಜೆ. ಎಫ್. ಆರ್ಚರ್ಡ್ ಸವೆತಕ್ಕೊಂದು ಸರಳ ಸೂತ್ರ ಕೊಟ್ಟರು. ಸವೆದುಹೋಗುವ ವಸ್ತುವಿನ ಪ್ರಮಾಣ ಭಾರ ಮತ್ತು ಜಾರಿದ ದೂರದ ಜೊತೆ ಏರುತ್ತದೆ, ಮೈಯ ಗಡಸುತನದ ಜೊತೆ ಇಳಿಯುತ್ತದೆ. ಮೊದಲ ಪಂಥದ ಅಡಿಗಲ್ಲು ಇದು. ಹೊದಿಕೆಯ ಗಡಸು ಏರಿಸಿದರೆ ಸವೆತ ತಾನಾಗಿ ಇಳಿಯಬೇಕು ಎಂಬುದು ಇವರ ನಂಬಿಕೆ.

ಈ ದಾರಿಯಲ್ಲಿ ಮೂರು ಬಗೆಯ ಪ್ರಯತ್ನಗಳು ನಡೆದಿವೆ. ಮೊದಲನೆಯದು ಕಾಯಿಸುವುದು. ನಿಕಲ್-ರಂಜಕ ಪದರವನ್ನು 400 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟರೆ ಒಳಗೆ ನಿಕಲ್ ಫಾಸ್ಫೈಡ್ ಹರಳುಗಟ್ಟಿ ವಿಕರ್ಸ್ ಸಂಖ್ಯೆ 900ರ ಮೇಲೇರುತ್ತದೆ. ಉಕ್ಕಿನ ಮೇಲೆ ಇದು ಸಲೀಸು, ಪ್ಲಾಸ್ಟಿಕ್ಕಿನ ಮೇಲೆ ಸಾಧ್ಯವೇ ಇಲ್ಲ. ಎಬಿಎಸ್ ಸುಮಾರು 105 ಡಿಗ್ರಿಗೇ ಮೆತ್ತಗಾಗುತ್ತದೆ, ಪಾಲಿಕಾರ್ಬೊನೇಟ್ 150ರ ಹತ್ತಿರ. ಬಿಸಿ ತಾಳುವುದರಲ್ಲಿ ಹೆಸರಾದ ಪೀಕ್ ಕೂಡ 343 ಡಿಗ್ರಿಗೆ ಕರಗುತ್ತದೆ. ಎರಡನೆಯದು ಗಟ್ಟಿ ಕಣಗಳನ್ನು ಬೆರೆಸುವುದು. ಸಿಲಿಕಾನ್ ಕಾರ್ಬೈಡ್ ಅಥವಾ ವಜ್ರದ ಸಣ್ಣ ಪುಡಿಯನ್ನು ತೊಟ್ಟಿಯಲ್ಲೇ ಕದಡಿ, ಬೆಳೆಯುವ ನಿಕಲ್ಲಿನೊಳಗೆ ಸೇರಿಸುತ್ತಾರೆ. ಇದಕ್ಕೆ ಕಾಯಿಸುವ ಅಗತ್ಯವಿಲ್ಲ. ಇಂಥ ನಿಕಲ್ ಮಿಶ್ರ ಲೇಪನಗಳ ಮೇಲೆ ಬೆಂಗಳೂರಿನ ಸಿಎಸ್‌ಐಆರ್-ಎನ್‌ಎಎಲ್ ಸಂಸ್ಥೆಯ ಸರ್ಫೇಸ್ ಎಂಜಿನಿಯರಿಂಗ್ ವಿಭಾಗ ಬಹುಕಾಲದಿಂದ ಕೆಲಸ ಮಾಡುತ್ತ ಬಂದಿದೆ. ಮೂರನೆಯದು ಲೋಹದ ಹರಳುಗಳನ್ನೇ ಕಿರಿದಾಗಿಸುವುದು. ಹರಳು ಕಿರಿದಾದಷ್ಟೂ ಲೋಹ ಗಡಸಾಗುತ್ತದೆ ಎಂದು 1951ರಲ್ಲಿ ಇ. ಒ. ಹಾಲ್, 1953ರಲ್ಲಿ ಎನ್. ಜೆ. ಪೆಚ್ ತೋರಿಸಿಕೊಟ್ಟರು. ಮೈಕ್ರಾನಿನ ಐವತ್ತನೇ ಒಂದು ಭಾಗದಷ್ಟು ಹರಳುಗಳಿರುವ ನ್ಯಾನೊ ನಿಕಲ್ ಸಾಮಾನ್ಯ ನಿಕಲ್ಲಿಗಿಂತ ಹಲವು ಪಟ್ಟು ಗಡಸು, ಮತ್ತು ಪ್ಲಾಸ್ಟಿಕ್ ತಡೆದುಕೊಳ್ಳುವ ಉಷ್ಣತೆಯಲ್ಲೇ ಅದನ್ನು ಲೇಪಿಸಬಹುದು.

ಈ ಪಂಥ ವಿವರಿಸುವುದು ಮೇಲುಮೇಲಿನ ಗೀರನ್ನು. ಬೆರಳ ಉಂಗುರ, ಒರೆಸುವ ಬಟ್ಟೆ, ಕೀಲಿಗೊಂಚಲು ತಾಗಿದಾಗ ಬರಿಯ ಎಬಿಎಸ್ ಗೀರುಬಿದ್ದು ಮಂಕಾಗುತ್ತದೆ, ಕ್ರೋಮ್ ಹೊದ್ದದ್ದು ಹಾಗೇ ಇರುತ್ತದೆ. ಆದರೆ ರಸ್ತೆಯ ಧೂಳಿನ ಮುಂದೆ ಇದೇ ಪಂಥದ ಲೆಕ್ಕ ಇಕ್ಕಟ್ಟಿಗೆ ಸಿಲುಕುತ್ತದೆ. ಧೂಳಿನ ಮುಖ್ಯ ಭಾಗ ಸ್ಫಟಿಕಶಿಲೆ, ಅಂದರೆ ಕ್ವಾರ್ಟ್ಜ್. ಅದರ ವಿಕರ್ಸ್ ಸಂಖ್ಯೆ ಸಾವಿರ ದಾಟುತ್ತದೆ. ಉಜ್ಜುವ ಕಣ ಮೈಗಿಂತ ಸುಮಾರು ಒಂದು ಕಾಲು ಪಟ್ಟು ಗಡಸಾಗಿದ್ದರೆ ಸವೆತ ಜೋರಾಗುತ್ತದೆ ಎಂಬುದು ಈ ಶಾಸ್ತ್ರದಲ್ಲಿ ಒಪ್ಪಿತವಾದ ಮಾತು. 550ರ ನಿಕಲ್ ಇದಕ್ಕೆ ಎದುರು ನಿಲ್ಲಲಾರದು. ಕ್ರೋಮಿಯಂ ಅಂಚಿನಲ್ಲಿ ನಿಲ್ಲುತ್ತದೆ, ಆದರೆ ಅಲಂಕಾರದ ಭಾಗಗಳಲ್ಲಿ ಅದರ ದಪ್ಪ ಕಾಲು ಮೈಕ್ರಾನ್ ಮಾತ್ರ.

ಎರಡನೆಯ ಪಂಥ: ಕೆಳಗಿನ ಆಸರೆ

ಮೆತ್ತನೆಯ ದಿಂಬಿನ ಮೇಲಿಟ್ಟ ಹಪ್ಪಳವನ್ನು ಬೆರಳಿನಿಂದ ಒತ್ತಿ ನೋಡಿ: ಹಪ್ಪಳ ಎಷ್ಟೇ ಗರಿಗರಿಯಾಗಿರಲಿ, ದಿಂಬು ಕುಸಿದಾಗ ಅದು ಮುರಿಯಲೇಬೇಕು. ಎರಡನೆಯ ಪಂಥದ ಆಕ್ಷೇಪ ಇಷ್ಟೇ. ನಿಕಲ್ಲಿನ ಬಿಗಿತ ಎಬಿಎಸ್‌ಗಿಂತ ಸುಮಾರು ಎಂಬತ್ತು ಪಟ್ಟು ಹೆಚ್ಚು. ಭಾರ ಬಿದ್ದಾಗ ಪ್ಲಾಸ್ಟಿಕ್ ಸುಲಭವಾಗಿ ತಗ್ಗುತ್ತದೆ, ತೆಳು ಲೋಹ ಅದರ ಜೊತೆ ಬಾಗಲಾರದೆ ಬಿರಿಯುತ್ತದೆ.

ಇದರ ಗಣಿತಕ್ಕೆ ಅಡಿಪಾಯ ಹಾಕಿದವರು ಹೈನ್‌ರಿಖ್ ಹರ್ಟ್ಜ್, 1882ರಲ್ಲಿ. ಗುಂಡು ವಸ್ತುವೊಂದು ಮೈಯನ್ನು ಒತ್ತಿದಾಗ ಕತ್ತರಿಸುವ ಒತ್ತಡ ಅತಿ ಹೆಚ್ಚಿರುವುದು ಮೈಮೇಲಲ್ಲ, ತುಸು ಕೆಳಗೆ, ಸ್ಪರ್ಶವೃತ್ತದ ತ್ರಿಜ್ಯದ ಸುಮಾರು ಅರ್ಧದಷ್ಟು ಆಳದಲ್ಲಿ. ಹತ್ತು ಮಿಲಿಮೀಟರ್ ವ್ಯಾಸದ ಉಕ್ಕಿನ ಗುಂಡನ್ನು ಬರಿಯ ಎಬಿಎಸ್ ಮೇಲೆ ಒಂದು ಕಿಲೋ ಭಾರದಿಂದ ಒತ್ತಿದರೆ ಆ ಆಳ ಸರಿಸುಮಾರು 120 ಮೈಕ್ರಾನ್ ಎಂದು ಲೆಕ್ಕ ಬರುತ್ತದೆ. ಹೊದಿಕೆಯ ದಪ್ಪ ಮೂವತ್ತು ಮೈಕ್ರಾನ್. ಅಂದರೆ ನಿಜವಾದ ಒತ್ತಡ ಬೀಳುವುದು ಹೊದಿಕೆಯ ಮೇಲಲ್ಲ, ಅದರ ಕೆಳಗಿನ ಪ್ಲಾಸ್ಟಿಕ್ಕಿನ ಮೇಲೆ. ಅದೇ ಕೆಲವು ಮೈಕ್ರಾನಿನ ಧೂಳಿನ ಕಣವಾದರೆ ಒತ್ತಡ ಹೊದಿಕೆಯೊಳಗೇ ಮುಗಿದುಹೋಗುತ್ತದೆ. ಒಂದೇ ಹೊದಿಕೆ ಧೂಳಿನ ಪರೀಕ್ಷೆಯಲ್ಲಿ ಗೆದ್ದು ಗಿಯರಿನ ಹಲ್ಲಿನ ಮೇಲೆ ಸೋಲುವ ಗುಟ್ಟು ಇಲ್ಲಿದೆ.

ಅಳತೆಗೂ ಇದೇ ಎಚ್ಚರಿಕೆ ಬೇಕು. ವಜ್ರದ ಮೊನೆ ಹೊದಿಕೆಯ ದಪ್ಪದ ಹತ್ತನೇ ಒಂದು ಭಾಗಕ್ಕಿಂತ ಆಳಕ್ಕೆ ಇಳಿದರೆ ಕೆಳಗಿನ ವಸ್ತು ಅಳತೆಯಲ್ಲಿ ಬೆರೆಯುತ್ತದೆ ಎಂಬುದು ಬ್ಯೂಕ್ಲೆ ಹೆಸರಿನ ನಿಯಮ. ಪ್ಲಾಸ್ಟಿಕ್ಕಿನಷ್ಟು ಮೆತ್ತನೆಯ ತಳಕ್ಕೆ ಈ ಮಿತಿಯೂ ಸಾಲದಿರಬಹುದು.

ಇವರ ಪರಿಹಾರ ದಪ್ಪ. ಮೂರು ಮಿಲಿಮೀಟರ್ ದಪ್ಪದ ಎಬಿಎಸ್ ಹಲಗೆಯ ಎರಡೂ ಬದಿಗೆ ತಲಾ 50 ಮೈಕ್ರಾನ್ ನಿಕಲ್ ಹೊದಿಸಿದರೆ, ಬಾಗುವಿಕೆಗೆ ಅದು ಒಡ್ಡುವ ಪ್ರತಿರೋಧ ಸುಮಾರು ಹತ್ತು ಪಟ್ಟಾಗುತ್ತದೆ. ತೂಕ ಹೆಚ್ಚುವುದು ಕಾಲು ಭಾಗಕ್ಕಿಂತ ತುಸು ಹೆಚ್ಚು. ಲೋಹ ಎರಡು ಅಂಚುಗಳಲ್ಲಿ ಕೂತಿರುವುದೇ ಇದಕ್ಕೆ ಕಾರಣ. ಇಲ್ಲಿಗೆ ಹೊದಿಕೆ ಚರ್ಮವಾಗಿ ಉಳಿಯದೆ ಎಲುಬಿನ ಕೆಲಸವನ್ನೂ ಮಾಡತೊಡಗುತ್ತದೆ. ಇದೇ ತರ್ಕವನ್ನು ಕೊನೆಯವರೆಗೆ ಒಯ್ದರೆ ಸಿಗುವುದು ವಿಮಾನದ ಎಂಜಿನ್. 1995ರಲ್ಲಿ ಬಳಕೆಗೆ ಬಂದ ಜಿಇ90 ಎಂಜಿನ್ನಿನ ಫ್ಯಾನ್ ಅಲಗುಗಳು ಇಂಗಾಲದ ನಾರು ಬೆರೆತ ಪ್ಲಾಸ್ಟಿಕ್ಕಿನವು, ಅವುಗಳ ಮುಂದಿನ ಅಂಚಿಗೆ ಟೈಟೇನಿಯಂ ಕವಚ ಅಂಟಿಸಲಾಗಿದೆ. ಅಷ್ಟು ದಪ್ಪದ ಲೋಹವನ್ನು ಲೇಪನವೆನ್ನುವುದು ಕಷ್ಟ. ಆದರೆ ಪ್ಲಾಸ್ಟಿಕ್ಕಿಗೆ ಲೋಹ ಎಲ್ಲಿ ಬೇಕೋ ಅಲ್ಲಿ ಮಾತ್ರ, ಎಷ್ಟು ಬೇಕೋ ಅಷ್ಟು ಕೊಡಬೇಕೆಂಬ ತತ್ವ ಅದೇ.

ಮೂರನೆಯ ಪಂಥ: ಬಾಗಿ ಬದುಕುವುದು

2000ನೇ ಇಸವಿಯಲ್ಲಿ ಏಡ್ರಿಯನ್ ಲೇಲಂಡ್ ಮತ್ತು ಆ್ಯಲನ್ ಮ್ಯಾಥ್ಯೂಸ್ ಬರೆದ ಪ್ರಬಂಧವೊಂದು ಚರ್ಚೆಯ ದಿಕ್ಕನ್ನೇ ತಿರುಗಿಸಿತು. ಗಡಸುತನವನ್ನು ಬಿಡಿಯಾಗಿ ನೋಡುವುದಕ್ಕಿಂತ, ಗಡಸುತನವನ್ನು ಬಿಗಿತದಿಂದ ಭಾಗಿಸಿದಾಗ ಸಿಗುವ ಸಂಖ್ಯೆ ಸವೆತದ ಬಗ್ಗೆ ಹೆಚ್ಚು ಹೇಳುತ್ತದೆ ಎಂದು ಅವರು ವಾದಿಸಿದರು. ಆ ಸಂಖ್ಯೆ ದೊಡ್ಡದಿದ್ದರೆ ವಸ್ತು ಶಾಶ್ವತವಾಗಿ ಕುಳಿಬೀಳುವ ಮೊದಲು ಹೆಚ್ಚು ಬಾಗಿ, ಮತ್ತೆ ಮೊದಲಿನಂತಾಗಬಲ್ಲದು. ರಬ್ಬರಿನ ಟೈರು ಮೆತ್ತಗಿದ್ದೂ ಸಾವಿರಾರು ಕಿಲೋಮೀಟರ್ ಬಾಳುವುದು ಇದರಿಂದಲೇ.

ಈ ಕಣ್ಣಿನಿಂದ ನೋಡಿದರೆ ನಮ್ಮ ವಿಷಯದಲ್ಲಿ ಒಂದು ಅಚ್ಚರಿ ಎದುರಾಗುತ್ತದೆ. ಎಬಿಎಸ್‌ನಂಥ ಪ್ಲಾಸ್ಟಿಕ್ಕಿನಲ್ಲಿ ಈ ಅನುಪಾತ ಸುಮಾರು 0.07, ರಾಸಾಯನಿಕ ನಿಕಲ್ಲಿನಲ್ಲಿ ಸುಮಾರು 0.03. ಅಂದರೆ ಈ ಒಂದು ಅಳತೆಯಲ್ಲಿ ಹೊದಿಕೆಗಿಂತ ಒಡಲೇ ಮೇಲು. ಹಾಗಾದರೆ ಲೋಹ ಹೊದಿಸಿ ನಾವು ಪಡೆದದ್ದೇನು? ಈ ಪಂಥದವರ ಉತ್ತರ: ಗಡಸು ಹೆಚ್ಚಿರುವ, ಆದರೆ ಬಿಗಿತ ಕಡಿಮೆಯಿರುವ ಲೋಹದ ಹೊದಿಕೆಗಳನ್ನು ಹುಡುಕಬೇಕು. ಹರಳು ಕಟ್ಟದ ಮಿಶ್ರಲೋಹಗಳು, ಮೆದು ಮತ್ತು ಗಡಸು ಪದರಗಳನ್ನು ಒಂದರ ಮೇಲೊಂದು ಪೇರಿಸಿದ ಹೊದಿಕೆಗಳು ಈ ಹುಡುಕಾಟದ ಫಲ.

ಇವರ ಮಾತಿಗೆ ಬಯಲಿನ ಸಾಕ್ಷಿ ಹೆಲಿಕಾಪ್ಟರಿನದು. ನಾರು ಬೆರೆತ ಪ್ಲಾಸ್ಟಿಕ್ಕಿನ ತಿರುಗು ರೆಕ್ಕೆಗಳ ಮುಂದಿನ ಅಂಚಿಗೆ ನಿಕಲ್ ಅಥವಾ ಟೈಟೇನಿಯಂ ಪಟ್ಟಿ ಹಾಕುವುದುಂಟು. ಮಳೆಹನಿಯ ಹೊಡೆತವನ್ನು ಲೋಹ ಚೆನ್ನಾಗಿ ತಡೆದುಕೊಳ್ಳುತ್ತದೆ. ಮರಳುಗಾಡಿನಲ್ಲಿ ಮಾತ್ರ ಅದೇ ಲೋಹ ಬೇಗ ಸವೆಯುತ್ತದೆ. ರಾತ್ರಿ ಇಳಿಯುವಾಗ ರೆಕ್ಕೆಯ ಸುತ್ತ ಕಿಡಿಗಳ ಬಳೆಯೇ ಕಾಣುತ್ತದೆ. ಮರಳಿಗೆ ಮೆತ್ತನೆಯ ಪಾಲಿಯುರಿಥೇನ್ ಪಟ್ಟಿ ಹೆಚ್ಚು ಒಗ್ಗುತ್ತದೆ, ಆದರೆ ಅದು ಮಳೆಗೆ ಹರಿಯುತ್ತದೆ. ಎರಡನ್ನೂ ಒಟ್ಟಿಗೆ ತಾಳುವ ಹೊದಿಕೆ ಎಂಜಿನಿಯರುಗಳ ಹಳೆಯ ಆಸೆ.

ನಾಲ್ಕನೆಯ ಪಂಥ: ಹಿಡಿತವಿಲ್ಲದೆ ಏನೂ ಇಲ್ಲ

ಸಿಪ್ಪೆಯೆದ್ದ ಹೊದಿಕೆಯ ಗಡಸುತನ ಯಾವ ಲೆಕ್ಕಕ್ಕೂ ಬರುವುದಿಲ್ಲ. ಆದ್ದರಿಂದ ಲೋಹ ಪ್ಲಾಸ್ಟಿಕ್ಕನ್ನು ಹಿಡಿದುಕೊಳ್ಳುವುದು ಹೇಗೆ ಎಂಬುದೇ ಮೂಲಪ್ರಶ್ನೆ ಎನ್ನುತ್ತದೆ ಈ ಪಂಥ. ಇದರೊಳಗೂ ಭಿನ್ನಮತಗಳಿವೆ.

ಮೊದಲ ಗುಂಪಿನವರು ಹೇಳುವುದು ಕುಳಿಗಳ ಕತೆ. ಕಿರಿಬಾಯಿಯ ಕುಳಿಯೊಳಗೆ ಬೆಳೆದ ಲೋಹ ಗೂಟದಂತೆ ಸಿಕ್ಕಿಕೊಳ್ಳುತ್ತದೆ. ಎಬಿಎಸ್ ಇಷ್ಟು ಚೆನ್ನಾಗಿ ಲೇಪನಗೊಳ್ಳುವುದು, ರಬ್ಬರ್ ಕಣಗಳಿಲ್ಲದ ಪ್ಲಾಸ್ಟಿಕ್ಕುಗಳು ಸತಾಯಿಸುವುದು ಇವರ ಪರ ಸಾಕ್ಷಿ. ಎರಡನೆಯ ಗುಂಪಿನವರು ತೋರಿಸುವುದು ರಾಸಾಯನಿಕ ಬಂಧ. ನಿರ್ವಾತದಲ್ಲಿ ಪ್ಲಾಸ್ಮಾದಿಂದ ಶುಚಿಗೊಳಿಸಿದ ನುಣುಪು ಪಾಲಿಮರಿನ ಮೇಲೂ ಕೆಲವು ಲೋಹಗಳು ಗಟ್ಟಿಯಾಗಿ ಕೂರುತ್ತವೆ. ಕ್ರೋಮಿಯಂ ಮತ್ತು ಟೈಟೇನಿಯಂ ಪಾಲಿಮರಿನ ಆಮ್ಲಜನಕದ ಜೊತೆ ಬಲವಾಗಿ ಬೆಸೆಯುತ್ತವೆ, ತಾಮ್ರ ಮತ್ತು ಚಿನ್ನದ ನಂಟು ಸಡಿಲ. ಆದ್ದರಿಂದಲೇ ಎಲೆಕ್ಟ್ರಾನಿಕ್ಸ್‌ನಲ್ಲಿ ಪಾಲಿಇಮೈಡ್ ಮತ್ತು ತಾಮ್ರದ ನಡುವೆ ಕ್ರೋಮಿಯಮ್ಮಿನ ತೆಳು ಪದರ ಹಾಕುವ ಪದ್ಧತಿ ಬಂತು. 1980ರ ದಶಕದಲ್ಲಿ ಐಬಿಎಂ ಸೇರಿದಂತೆ ಹಲವು ಪ್ರಯೋಗಾಲಯಗಳು ಈ ಬಂಧವನ್ನು ಆಳವಾಗಿ ಅಭ್ಯಸಿಸಿದವು.

ಮೂರನೆಯ ಗುಂಪಿನ ಮಾತು ಸರಳವಾದ ಒಂದು ಪರೀಕ್ಷೆಯಿಂದ ಹೊಳೆಯುತ್ತದೆ. ಲೋಹದ ಪದರವನ್ನು ಪಟ್ಟಿಯಾಗಿ ಸೀಳಿ, ಒಂದು ತುದಿಯನ್ನೆತ್ತಿ, ಮೈಗೆ ನೇರ ಲಂಬವಾಗಿ ಯಂತ್ರದಿಂದ ಎಳೆಯುತ್ತಾರೆ. ಒಳ್ಳೆಯ ಎಬಿಎಸ್ ಲೇಪನ ಪ್ರತಿ ಮಿಲಿಮೀಟರ್ ಅಗಲಕ್ಕೆ ಸುಮಾರು ಒಂದು ನ್ಯೂಟನ್ ಎಳೆತವನ್ನು ತಾಳುತ್ತದೆ. ಕಿತ್ತುಬಂದ ಪಟ್ಟಿಯನ್ನು ತಿರುಗಿಸಿ ಸೂಕ್ಷ್ಮದರ್ಶಕದಡಿ ಇಟ್ಟರೆ ಲೋಹದ ಬೆನ್ನಿಗೆ ಪ್ಲಾಸ್ಟಿಕ್ಕಿನ ತೆಳು ಪೊರೆ ಅಂಟಿಕೊಂಡಿರುವುದು ಕಾಣುತ್ತದೆ. ಹರಿದದ್ದು ಕೂಡುಗೆರೆಯಲ್ಲಲ್ಲ, ಅದರ ಕೆಳಗಿನ ಪ್ಲಾಸ್ಟಿಕ್ಕಿನಲ್ಲೇ. ಎಲ್ಲಿ ದುರ್ಬಲ ಪೊರೆಯಿದೆಯೋ ಜೋಡಣೆ ಅಲ್ಲೇ ಸೋಲುತ್ತದೆ ಎಂದು ಜೆ. ಜೆ. ಬಿಕರ್‌ಮನ್ 1960ರ ದಶಕದಲ್ಲಿ ವಾದಿಸಿದ್ದು ಈ ನೋಟಕ್ಕೆ ಒಪ್ಪುತ್ತದೆ.

ಹಾಗಿದ್ದರೆ ತಪ್ಪು ಪ್ಲೇಟಿಂಗ್ ಶೆಡ್ಡಿಗಿಂತ ಹಿಂದೆಯೇ, ಅಚ್ಚಿನ ಯಂತ್ರದಲ್ಲೇ ಆಗಿರಬಹುದು. ಅವಸರದಲ್ಲಿ ತಳ್ಳಿದ ಎಬಿಎಸ್‌ನಲ್ಲಿ, ಮುಖ್ಯವಾಗಿ ಪ್ಲಾಸ್ಟಿಕ್ ಒಳನುಗ್ಗುವ ಬಾಯಿಯ ಬಳಿ, ರಬ್ಬರ್ ಗುಂಡುಗಳು ಎಳೆದಂತಾಗಿ ಕುಳಿ ಸರಿಯಾಗಿ ಮೂಡುವುದಿಲ್ಲ. ಇದನ್ನು ಕಂಡುಹಿಡಿಯಲು ಲೇಪನಕ್ಕೆ ಮುಂಚೆ ಒಂದೆರಡು ಭಾಗಗಳನ್ನು ಶುದ್ಧ ಅಸಿಟಿಕ್ ಆಮ್ಲದಲ್ಲಿ ಅದ್ದಿ ತೆಗೆಯುತ್ತಾರೆ. ಒಳಗೆ ಬಿಗುಪಿರುವ ಕಡೆ ಬಿಳಿಚಿಕೊಂಡು ಕೂದಲೆಳೆಯ ಬಿರುಕುಗಳು ತೋರುತ್ತವೆ.

ದಪ್ಪದ ಪಂಥಕ್ಕೂ ಹಿಡಿತದ ಪಂಥದಿಂದ ಒಂದು ಗಟ್ಟಿ ಪ್ರತ್ಯುತ್ತರವಿದೆ. ವಿದ್ಯುತ್ತಿನಿಂದ ಕೂತ ಲೋಹದೊಳಗೆ ಎಳೆತ ಇದ್ದೇ ಇರುತ್ತದೆ ಎಂದು 1909ರಲ್ಲೇ ಸ್ಟೋನಿ ತೋರಿಸಿದ್ದರು. ಪದರ ದಪ್ಪವಾದಂತೆ ಆ ಎಳೆತ ಕೂಡುಗೆರೆಯ ಮೇಲೆ ಹೇರುವ ಶಕ್ತಿಯೂ ಏರುತ್ತದೆ, ಒಂದು ಹಂತದಲ್ಲಿ ಲೋಹ ಯಾರೂ ಮುಟ್ಟದೆಯೇ ಸುಲಿದುಕೊಳ್ಳುತ್ತದೆ. ಆಸರೆಗೆ ದಪ್ಪ ಬೇಕು, ಹಿಡಿತಕ್ಕೆ ತೆಳು ಬೇಕು. ಈ ಎರಡರ ನಡುವಿನ ಸಂಧಾನವೇ ಇಂದಿನ ವಿನ್ಯಾಸದ ತಿರುಳು.

ಬೇರೆ ದಾರಿಗಳು, ಬೇಡವೆನ್ನುವ ದಾರಿ

ತೊಟ್ಟಿಗಳ ಹೊರಗೂ ಪ್ರಯತ್ನಗಳು ನಡೆದಿವೆ. ನಿರ್ವಾತದಲ್ಲಿ ಲೋಹವನ್ನು ಆವಿಯಾಗಿಸಿ ಕೂರಿಸುವ ಕ್ರಮದಿಂದಲೇ ಸಿ.ಡಿ.ಗಳ ಮತ್ತು ಹೆಡ್‌ಲೈಟಿನ ಒಳಗಿನ ಅಲ್ಯೂಮಿನಿಯಂ ಕನ್ನಡಿ ತಯಾರಾಗುವುದು. ಪದರ ಬಹಳ ತೆಳು. ಬೆಳಕಿಗೆ ಸಾಕು, ಸವೆತಕ್ಕೆ ಸಾಲದು, ಅದಕ್ಕೇ ಮೇಲೊಂದು ವಾರ್ನಿಷ್ ಬೇಕು. 1980ರ ದಶಕದಲ್ಲಿ ಸೋವಿಯತ್ ಒಕ್ಕೂಟದ ನೊವೊಸಿಬಿರ್ಸ್ಕಿನಲ್ಲಿ ಅನತೋಲಿ ಪಪೀರಿನ್ ಮತ್ತು ಸಂಗಡಿಗರು ಬೆಳೆಸಿದ ಕೋಲ್ಡ್ ಸ್ಪ್ರೇ ತಂತ್ರ ಲೋಹದ ಪುಡಿಯನ್ನು ಕರಗಿಸದೆ, ಅತಿವೇಗದ ಅನಿಲದಿಂದ ಬಡಿದು ಅಂಟಿಸುತ್ತದೆ. ಭಾರತದಲ್ಲಿ ಈ ತಂತ್ರದ ಮುಖ್ಯ ಸಂಶೋಧನೆ ನಡೆಯುವುದು ಹೈದರಾಬಾದಿನ ಎಆರ್‌ಸಿಐನಲ್ಲಿ. ಪ್ಲಾಸ್ಟಿಕ್ಕಿನ ಮೇಲೆ ಇದಕ್ಕೊಂದು ತೊಡಕಿದೆ. ಮೆದು ತವರ ಸುಲಭವಾಗಿ ಕೂರುತ್ತದೆ, ಗಟ್ಟಿ ಲೋಹದ ಕಣಗಳು ಕೂರುವ ಬದಲು ಪ್ಲಾಸ್ಟಿಕ್ಕನ್ನೇ ಕೊರೆದುಬಿಡುತ್ತವೆ. ಸವೆತ ತಡೆಯಲು ಬೇಕಾದದ್ದು ಆ ಗಟ್ಟಿ ಲೋಹವೇ.

ಹೊದಿಕೆಯೇ ಬೇಡ ಎನ್ನುವವರ ವಾದವನ್ನೂ ಗೌರವದಿಂದ ಕೇಳಬೇಕು. ನೈಲಾನ್ ಗಿಯರು ಎಣ್ಣೆಯಿಲ್ಲದೆ ಸದ್ದಿಲ್ಲದೆ ತಿರುಗುವುದು ಅದರ ಮೈ ಪ್ಲಾಸ್ಟಿಕ್ ಆಗಿರುವುದರಿಂದಲೇ. ಪಾಲಿಮರ್ ಉಕ್ಕಿನ ಮೇಲೆ ಜಾರುವಾಗ ತನ್ನದೇ ತೆಳು ಪೊರೆಯನ್ನು ಉಕ್ಕಿಗೆ ಬಳಿದು ಘರ್ಷಣೆ ಇಳಿಸಿಕೊಳ್ಳುತ್ತದೆ. 1962ರಲ್ಲಿ ಜಾನ್ ಚಾರ್ನ್‌ಲಿ ಸೊಂಟದ ಕೃತಕ ಕೀಲಿಗೆ ಬರಿಯ ಪಾಲಿಎಥಿಲೀನ್ ಬಟ್ಟಲನ್ನು ಆರಿಸಿಕೊಂಡು ಗೆದ್ದರು. ಇಂಥ ಕಡೆ ಲೋಹ ಹೊದಿಸುವುದೆಂದರೆ ಪ್ಲಾಸ್ಟಿಕ್ಕಿನ ಒಳ್ಳೆಯ ಗುಣವನ್ನೇ ಮುಚ್ಚಿಹಾಕಿದಂತೆ. ಗಾಜಿನ ನಾರು, ಇಂಗಾಲದ ನಾರು, ಟೆಫ್ಲಾನ್ ಪುಡಿಯನ್ನು ಒಡಲಿನೊಳಗೇ ಬೆರೆಸುವುದು ಇವರ ದಾರಿ. ಪಾರದರ್ಶಕ ಪಾಲಿಕಾರ್ಬೊನೇಟಿನ ಹೆಡ್‌ಲೈಟ್ ಗಾಜಿಗೆ, ಕನ್ನಡಕಕ್ಕೆ ಲೋಹ ಹೊದಿಸುವಂತೆಯೇ ಇಲ್ಲ. ಅಲ್ಲಿ ಸಿಲಾಕ್ಸೇನ್ ಲೇಪನವೇ ಗತಿ.

ವಿಷದ ತೊಟ್ಟಿ

ಇಷ್ಟು ಹೊತ್ತು ನೋಡಿದ ತಂತ್ರದ ಹೃದಯದಲ್ಲಿರುವ ಕ್ರೋಮಿಕ್ ಆಮ್ಲ ಆರು ವೇಲೆನ್ಸಿಯ ಕ್ರೋಮಿಯಂ. ಅದು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1990ರಲ್ಲಿ ಖಚಿತವಾಗಿ ವರ್ಗೀಕರಿಸಿತು. ಐರೋಪ್ಯ ಒಕ್ಕೂಟದಲ್ಲಿ 2017ರ ಸೆಪ್ಟೆಂಬರ್ 21ರ ನಂತರ ವಿಶೇಷ ಅನುಮತಿಯಿಲ್ಲದೆ ಕ್ರೋಮಿಯಂ ಟ್ರೈಆಕ್ಸೈಡ್ ಬಳಸುವಂತಿಲ್ಲ. ಅಲಂಕಾರದ ಕ್ರೋಮ್ ಲೇಪನದಲ್ಲಿ ಇದರ ಬಳಕೆಯನ್ನು 2027ರಿಂದ ನಿಲ್ಲಿಸಬೇಕೆಂದು ಕ್ಯಾಲಿಫೋರ್ನಿಯಾ 2023ರಲ್ಲಿ ನಿರ್ಧರಿಸಿತು.

ನಮಗೆ ಇದು ದೂರದ ಸುದ್ದಿಯಲ್ಲ. ಬೆಂಗಳೂರಿನ ಪೀಣ್ಯದಲ್ಲಿ ಸಣ್ಣ ದೊಡ್ಡ ಪ್ಲೇಟಿಂಗ್ ಘಟಕಗಳು ಬಹಳ ಇವೆ, ಅಲ್ಲಿನ ಅಂತರ್ಜಲದಲ್ಲಿ ಕ್ರೋಮಿಯಂ ಬೆರೆತಿರುವುದು ಅಧ್ಯಯನಗಳಲ್ಲಿ ದಾಖಲಾಗಿದೆ. ಪರ್ಯಾಯಗಳು ಬಂದಿವೆ: ಪರ್ಮಾಂಗನೇಟ್ ಆಧರಿಸಿದ ಕೊರೆತ, ಪ್ಲಾಸ್ಮಾ, ಲೇಸರ್, ಮೇಲಿನ ಪದರಕ್ಕೆ ಮೂರು ವೇಲೆನ್ಸಿಯ ಕ್ರೋಮಿಯಂ. ಆದರೆ ಕುಳಿಯ ಆಕಾರ ಬದಲಾದರೆ ಹಿಡಿತ ಬದಲಾಗುತ್ತದೆ, ಹಿಡಿತ ಬದಲಾದರೆ ಸವೆತದ ಲೆಕ್ಕವೆಲ್ಲ ಮೊದಲಿನಿಂದ ಶುರು. ಹಾಗಾಗಿ ಕೂಡುಗೆರೆಯ ವಾದ ಪಂಡಿತರ ಕೋಣೆಗೆ ಸೀಮಿತವಲ್ಲ; ತೊಟ್ಟಿಯ ಪಕ್ಕ ನಿಂತವರ ಶ್ವಾಸಕೋಶಕ್ಕೂ ಬಡಾವಣೆಯ ಕೊಳವೆಬಾವಿಗೂ ಸೇರಿದ್ದು. ಹಿಡಿತಕ್ಕೆ ಕುಳಿ ಬೇಕೇಬೇಕೋ, ಬರಿಯ ರಾಸಾಯನಿಕ ಬಂಧ ಸಾಕೋ ಎಂಬ ಪ್ರಶ್ನೆ ಬಗೆಹರಿದಷ್ಟು ಬೇಗ ಈ ವಿಷವನ್ನು ಕೈಬಿಡುವ ದಾರಿ ತೆರೆಯುತ್ತದೆ.

ಇನ್ನೂ ಬಗೆಹರಿಯದ್ದು

ನಾಲ್ಕು ಪಂಥಗಳನ್ನು ಆಳದ ಅಳತೆಯ ಮೇಲೆ ಜೋಡಿಸಿದರೆ ಒಂದು ನಕ್ಷೆ ಸಿಗುತ್ತದೆ. ಒತ್ತಡ ಹೊದಿಕೆಯೊಳಗೇ ಮುಗಿಯುವ ಕಡೆ ಗಡಸುತನದ ಪಂಥ ಸರಿ. ಒತ್ತಡ ಪ್ಲಾಸ್ಟಿಕ್ಕಿಗೆ ಇಳಿಯುವ ಕಡೆ ಆಸರೆಯ ಪಂಥ ಸರಿ. ಕಣಗಳು ಬಂದು ಬಡಿಯುವ ಕಡೆ ಬಾಗುವಿಕೆಯ ಪಂಥಕ್ಕೆ ಬಲ ಹೆಚ್ಚು. ಬಿಸಿ ತಂಪು ಬದಲಾಗುತ್ತ, ಭಾರ ಮರುಕಳಿಸುತ್ತ ಇರುವ ಕಡೆ ಹಿಡಿತವೇ ಆಯುಸ್ಸನ್ನು ನಿರ್ಧರಿಸುತ್ತದೆ. ಆದರೆ ನಿಜವಾದ ಬಿಡಿಭಾಗದಲ್ಲಿ ಇವೆಲ್ಲ ಒಟ್ಟಿಗೇ ನಡೆಯುತ್ತವೆ, ಅಲ್ಲಿ ನಕ್ಷೆಯ ಗೆರೆಗಳು ಮಸುಕಾಗುತ್ತವೆ.

ಮೊದಲನೆಯದಾಗಿ, ಮೆತ್ತನೆಯ ತಳದ ಮೇಲಿನ ತೆಳು ಹೊದಿಕೆಯ ಗಡಸುತನವನ್ನು ತಳದ ಪ್ರಭಾವ ಕಳೆದು ಹೇಳುವ, ಎಲ್ಲರೂ ಒಪ್ಪುವ ಅಳತೆಯಿಲ್ಲ. 1992ರಲ್ಲಿ ಆಲಿವರ್ ಮತ್ತು ಫಾರ್ ರೂಪಿಸಿದ ನ್ಯಾನೊ ಒತ್ತು ಪರೀಕ್ಷೆ ಬಹಳ ನೆರವಾಗಿದೆ, ಆದರೂ ಲೋಹ ಮತ್ತು ಪ್ಲಾಸ್ಟಿಕ್ಕಿನ ಬಿಗಿತದಲ್ಲಿ ಇಷ್ಟು ಅಂತರವಿರುವಾಗ ಅದರ ಲೆಕ್ಕಗಳ ಬಗ್ಗೆ ಚರ್ಚೆ ಮುಗಿದಿಲ್ಲ. ಎರಡನೆಯದು ದಪ್ಪದ ಪ್ರಶ್ನೆ. ಆಸರೆ ಮತ್ತು ಒಳ ಎಳೆತದ ನಡುವೆ ಎಲ್ಲಿ ನಿಲ್ಲಬೇಕೆಂಬುದಕ್ಕೆ ಪ್ರತಿ ಪ್ಲಾಸ್ಟಿಕ್ಕಿಗೂ ಪ್ರತಿ ಕೆಲಸಕ್ಕೂ ಬೇರೆ ಉತ್ತರ, ಸಾಮಾನ್ಯ ಸೂತ್ರವಿಲ್ಲ. ಮೂರನೆಯದು, ಪ್ರಯೋಗಾಲಯದಲ್ಲಿ ಉಜ್ಜುಚಕ್ರ ಕೆಲವು ಗಂಟೆಗಳಲ್ಲಿ ಕೊಡುವ ಅಂಕಿ ಹತ್ತು ವರ್ಷದ ಬಿಸಿಲು, ತೇವ, ಧೂಳಿನ ಬದುಕನ್ನು ಎಷ್ಟು ನಂಬಿಕೆಯಿಂದ ಮುನ್ಸೂಚಿಸುತ್ತದೆ ಎಂಬುದು. ತೇವ ಕೂಡುಗೆರೆಗೆ ನುಸುಳಿ ವರ್ಷಗಟ್ಟಲೆ ಮಾಡುವ ಕೆಲಸವನ್ನು ಅವಸರದ ಪರೀಕ್ಷೆಗಳು ಹಿಡಿಯಲಾರವು. ನಾಲ್ಕನೆಯದು, ಕ್ರೋಮಿಕ್ ಆಮ್ಲವಿಲ್ಲದ ಕೊರೆತ ಎಬಿಎಸ್‌ನ ಆಚೆ ನೈಲಾನ್, ಪೀಕ್, ನಾರು ಬೆರೆತ ಪ್ಲಾಸ್ಟಿಕ್ಕುಗಳಲ್ಲೂ ಅಷ್ಟೇ ಹಿಡಿತ ಕೊಡಬಲ್ಲದೇ ಎಂಬುದು. ಕೊನೆಯದು, ಇಷ್ಟು ಗಟ್ಟಿಯಾಗಿ ಬೆಸೆದ ಲೋಹ ಮತ್ತು ಪ್ಲಾಸ್ಟಿಕ್ಕನ್ನು ಬಾಳಿಕೆ ಮುಗಿದ ಮೇಲೆ ಬೇರ್ಪಡಿಸುವುದು ಹೇಗೆ ಎಂಬುದು. ಹಿಡಿತ ಗೆದ್ದಷ್ಟೂ ಮರುಬಳಕೆ ಸೋಲುತ್ತದೆ, ಈ ವಿರೋಧಕ್ಕೆ ಮನವೊಪ್ಪುವ ಉತ್ತರ ಯಾವ ಪಂಥದ ಬಳಿಯೂ ಇನ್ನೂ ಇಲ್ಲ.